ಎದುರಿನವನಿಗೆ ಬೆಳಕು

ಗಂಗಾಂಬಿಕೆಯ ಗಂಡ ಚಿಕ್ಕಮಲ್ಲಪ್ಪನಿಗೆ ಗುಂಡ್ಲುಪೇಟೆ ಹೆದ್ದಾರಿಯಲ್ಲಿ ಈರುಳ್ಳಿ ಮಂಡಿ, ಹಿಂದೆಯೇ ಮನೆ. ತನ್ನ ಹೆಸರು ಕಂಡರೆ ಅವನಿಗೆ ಎಷ್ಟು ಅಕ್ಕರೆ ಅಂದರೆ, ಅವಳು ತವರಿಂದ ತಂದ ಚೊಂಬಿನ ಮೇಲೂ ಅದನ್ನೇ ಹೊಡೆಸಿದ್ದ. ಎದುರು ಸಾಲಿನ ನಂಜಯ್ಯ ಮಂಡಿಗೆ ಟ್ಯೂಬ್‌ಲೈಟಿನ ಬೋರ್ಡು ಹಾಕಿಸಿದ ಮೇಲೆ ಇವನಿಗೆ ನಿದ್ದೆ ಹತ್ತಲಿಲ್ಲ. ಆಗಿನ್ನೂ ಪೇಟೆಗೆ ಎಲ್‌ಇಡಿ ಹೊಸದು. ಅದರಲ್ಲೇ ಹೆಸರು ಬರೆಸುತ್ತೇನೆಂದು ಹೊರಟ. ಸಂತೆಗೆ ಹೊರಟಿದ್ದ ಗಂಗಾಂಬಿಕೆಯೂ ಜೊತೆಯಾದಳು.

ರೇಡಿಯೋ ರಿಪೇರಿಯ ಸೋಮೇಶ ಎರಡು ಬಗೆಯ ಎಲ್‌ಇಡಿ ದೀಪ ತೆಗೆದು ಹರಡಿದ. ಎರಡೂ ತೊಗರಿಕಾಳಿನಷ್ಟು ದಪ್ಪ, ಬುಡಕ್ಕೆ ಎರಡೆರಡು ತಂತಿಕಾಲು. ಒಂದರ ತಲೆ ಮಂಕು ಕೆಂಪು; ಬೆಳಕು ಕಡಿಮೆ, ಆದರೆ ಯಾವ ಮಗ್ಗುಲಿಂದ ನೋಡಿದರೂ ಕಾಣುತ್ತದೆ. ಇನ್ನೊಂದರದು ನೀರಿನ ಹಾಗೆ ತಿಳಿ. ಹೊತ್ತಿಸಿದರೆ ಕಣ್ಣು ಕುಕ್ಕುತ್ತದೆ, ಆದರೆ ನೇರ ಮುಂದಕ್ಕೆ ಮಾತ್ರ. ಸೋಮೇಶ ಇದನ್ನೆಲ್ಲ ಬಿಡಿಸಿ ಹೇಳಿದ. ಚಿಕ್ಕಮಲ್ಲಪ್ಪ ಮಂಕು ತಲೆಯದನ್ನು ಬೆರಳಲ್ಲಿ ಆಚೆ ತಳ್ಳಿದ.

"ಐಕ್ಳು ಚೀಪೋ ಪೆಪ್ಪರಮೆಂಟು ಇದ್ದಂಗದೆ ಕಣ್ಲಾ. ಗಾಜಿನಂತಾದ್ದೇ ಆಕು."

ಲಾರಿಯವರು ಬರುವುದೇ ಮಗ್ಗುಲಿಂದ ಅಲ್ಲವೇ ಎಂದು ಗಂಗಾಂಬಿಕೆ ಕೇಳಿದ್ದಕ್ಕೆ, ಕರೆಂಟಿನ ವಿಚಾರ ನಿನಗೇನು ಗೊತ್ತು ಎಂದು ಬಾಯಿ ಮುಚ್ಚಿಸಿದ. ಅವಳೂ ಮುಚ್ಚಿದಳು. ಪೆದ್ದತನ ಪೂರ್ತಿ ಹಣ್ಣಾಗಲಿ ಅಂತ.

ಶುಕ್ರವಾರ ಸಂಜೆ ಬೋರ್ಡಿಗೆ ಕುಂಕುಮವಿಟ್ಟು ಸ್ವಿಚ್ ಒತ್ತಿದರು. ಚಿಕ್ಕಮಲ್ಲಪ್ಪ ರಸ್ತೆ ದಾಟಿ ನಿಂತು ಮೀಸೆ ತಿರುವಿದ. ಹೆಸರು ಕೆಂಡದ ಹಾಗೆ ಉರಿಯುತ್ತಿತ್ತು. ಮೈಸೂರಿನ ಕಡೆಗೆ ಸರಿದು ನೋಡಿದರೆ ಬರೀ ಕಪ್ಪು ಹಲಗೆ. ಕೇರಳದ ಕಡೆಯಿಂದಲೂ ಅಷ್ಟೇ. ಲಾರಿಗಳು ನಿಲ್ಲದೆ ಹೋದವು. ಬೆಳಕೆಲ್ಲ ಹೋಗಿ ನಂಜಯ್ಯನ ಜಗುಲಿಗೆ ಬಿದ್ದಿತ್ತು. ಕರೆಂಟು ಹೋದಾಗಲೂ ಬೋರ್ಡು ಬ್ಯಾಟರಿಯ ಮೇಲೆ ಉರಿಯುತ್ತಿದ್ದುದರಿಂದ ಅವನು ಆ ಬೆಳಕಲ್ಲೇ ಮೂಟೆ ತೂಗಿಸುತ್ತಿದ್ದ. ನಿಮ್ಮ ಯಜಮಾನರಿಗೆ ಪುಣ್ಯ ಬರಲಿ ಎಂದು ಗಂಗಾಂಬಿಕೆಗೆ ಹೇಳಿಯೂ ಕಳಿಸಿದ.

ಕೊನೆಗೆ ಚಿಕ್ಕಮಲ್ಲಪ್ಪ ಬೋರ್ಡು ಕೀಳಿಸಿ, ಮೈಸೂರಿನ ಕಡೆ ಮುಖ ಮಾಡಿ ಅಡ್ಡಲಾಗಿ ನಿಲ್ಲಿಸಿದ. ಈಗ ಕೇರಳದಿಂದ ಬರುವವರಿಗೆ ಜೋತಾಡುವ ವೈರುಗಳು ಮಾತ್ರ ಕಾಣುತ್ತಿದ್ದವು. ಯಾರೋ ಇದೇನು ಎಂದು ಕೇಳಿದರು.

"ಮಲಯಾಳದೋರಿಗೆ ಕನ್ನಡ ಓದಕ್ಕೆ ಬತ್ತದಾ? ಅದ್ಕೇ ಅಂಗೆ ಮಾಡ್ಸಿರದು."

ಬಾಗಿಲಲ್ಲಿದ್ದ ಗಂಗಾಂಬಿಕೆಗೆ ಕೇಳಿಸಿತು. ಮದುವೆಯಾದಾಗಿನಿಂದ ಈ ಮನುಷ್ಯನ ಮೇಲೆ ಅಷ್ಟಿಷ್ಟು ಸಿಟ್ಟಾದರೂ ಇತ್ತು. ಅದೂ ದಂಡ ಅನ್ನಿಸಿತು. ಸಾರು ಆರುತ್ತದೆ ಬನ್ನಿ ಅಂತಷ್ಟೇ ಹೇಳಿ ಒಳಗೆ ಹೋದಳು.