ತುಟಿ ಮಾತ್ರ

ಸಂಗೀತದ ಪಿರಿಯಡ್ ಉಳಿಯುತ್ತದೋ, ಗಣಿತದ ಪಾಲಾಗುತ್ತದೋ ಎಂಬುದು ಇವತ್ತು ತೀರ್ಮಾನವಾಗುವುದಿತ್ತು. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ತಾವೇ ಬಂದು, ಮಕ್ಕಳ ಹಾಡು ಕೇಳಿಯೇ ಹೇಳುತ್ತೇನೆ ಎಂದಿದ್ದರು. ಸಂಗೀತದ ಟೀಚರ್ ಬೆಳಗಿನಿಂದ ಮಕ್ಕಳಿಂದ ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದ್ದಳು. ಗಣಿತದ ಮೇಷ್ಟ್ರು ಆ ಪಿರಿಯಡ್ಡಿನ ಮೇಲೆ ಎಂದೋ ಕಣ್ಣು ಹಾಕಿದ್ದರು. ಕಾರಿಡಾರಿನಲ್ಲಿ ಎದುರಾದಾಗ ಅವರು ನಕ್ಕ ನಗುವೂ ಲೆಕ್ಕ ಹಾಕಿ ನಕ್ಕಂತೆ ಕಂಡಿತು.

ಕೆಲಸ ಕೈತಪ್ಪುವ ಭಯವಿತ್ತು, ಸುಳ್ಳೇಕೆ. ಆದರೆ ದಿನವಿಡೀ ಬಾಯಿ ಮುಚ್ಚಿ ಕೂರುವ ಮಕ್ಕಳಿಗೆ ಬಾಯಿ ಬಿಡಲು ಇದೊಂದಾದರೂ ಜಾಗ ಬೇಡವೇ ಎಂದು ಅವಳು ಪ್ರತಿ ಮೀಟಿಂಗಿನಲ್ಲೂ ಜಗಳವಾಡಿದ್ದಳು. ಅದೂ ನಿಜವಾದ ಸಂಕಟವೇ.

ಹಾಗೆಂದು ಅವಳೇನು ತೀರಾ ಸಾಚಾ ಅಲ್ಲ. ಹೊರಗಿನವರ ಮುಂದೆ ಹಾಡುವ ದಿನ ಶ್ರುತಿ ಸೇರದ ಮಕ್ಕಳನ್ನು ಪಕ್ಕಕ್ಕೆ ಕರೆದು, ತುಟಿ ಮಾತ್ರ ಆಡಿಸಿ, ದನಿ ಬಿಡಬೇಡಿ ಎನ್ನುತ್ತಿದ್ದಳು. ಅವಳಿಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಅಂಥ ಮಕ್ಕಳಲ್ಲಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿಯೊಬ್ಬಳು ಎಷ್ಟು ಚೆನ್ನಾಗಿ ತುಟಿ ಆಡಿಸುತ್ತಿದ್ದಳೆಂದರೆ, ಕಣ್ಣು, ಹುಬ್ಬು, ಕತ್ತು ಎಲ್ಲವೂ ಹಾಡುತ್ತಿದ್ದವು. ನೋಡಲು ಚಂದವೆಂದು ಟೀಚರ್ ಅವಳನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿದ್ದಳು.

ಹಾಡು ಸರಾಗವಾಗಿ ಮುಗಿಯಿತು. ಟೀಚರ್ ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಗುಬ್ಬಿಯತ್ತ ಕೈ ತೋರಿಸಿ, "ಆ ಮಗು ಒಬ್ಬಳೇ ಒಂದ್ಸಲ ಹಾಡಲಿ" ಎಂದರು.

ಟೀಚರ್ ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟಳು. ಗುಬ್ಬಿ ಮುಂದೆ ಬಂದು ಹಾಡತೊಡಗಿತು. ತುಟಿ ಆಡಿತು, ಹುಬ್ಬು ಏರಿತು, ಒಂದು ಪದವೂ ತಪ್ಪಲಿಲ್ಲ. ದನಿ ಮಾತ್ರ ಇಲ್ಲ. ಮಗು ಹೇಳಿದಂತೆ ಮಾಡುತ್ತಿತ್ತು, ಅಷ್ಟೇ.

ಪಾಪ, ನಾಚಿಕೆ ಸ್ವಭಾವ ಎಂದು ಮುಖ್ಯೋಪಾಧ್ಯಾಯಿನಿ ಅಧ್ಯಕ್ಷರ ಕಿವಿಯಲ್ಲಿ ಸಮಜಾಯಿಷಿ ಹೇಳಿದರು. ಹೌದೆಂದು ತಲೆಯಾಡಿಸಿ ಬೇರೆ ಮಗುವನ್ನು ಕರೆದಿದ್ದರೆ ಪಿರಿಯಡ್ ಉಳಿಯುತ್ತಿತ್ತು. ಟೀಚರ್ ತಲೆಯಾಡಿಸಲಿದ್ದಳು ಕೂಡ. ಅಷ್ಟರಲ್ಲಿ ಗುಬ್ಬಿ, ಸರಿಯಾಗಿ ಮಾಡ್ತಿದ್ದೀನಲ್ಲ ಮಿಸ್ ಎನ್ನುವಂತೆ ಅವಳತ್ತ ನೋಡಿತು. ಟೀಚರ್ ಕೀಬೋರ್ಡಿನಿಂದ ಕೈ ತೆಗೆದಳು.

"ನಾಚಿಕೆ ಅಲ್ಲ ಸರ್. ದನಿ ಬಿಡಬೇಡ ಅಂತ ನಾನೇ ಹೇಳಿದ್ದೆ."

"ಹಾಗಾದ್ರೆ ಇಷ್ಟು ದಿನ ಈ ಮಗು ಇಲ್ಲಿ ಕಲಿತಿದ್ದೇನು?" ಅಧ್ಯಕ್ಷರು ಕೇಳಿದರು.

ಟೀಚರ್ ಗುಬ್ಬಿಯತ್ತ ತಿರುಗಿದಳು. ದನಿ ಬಿಟ್ಟು ಹಾಡು ಎಂದಳು. ನಿಜವಾಗಲೂನಾ ಎಂದು ಕೇಳಿಕೊಂಡೇ ಮಗು ಬಾಯಿ ತೆರೆಯಿತು. ದನಿ ಕೀಬೋರ್ಡಿಗಿಂತ ಎಲ್ಲೋ ಕೆಳಗಿತ್ತು. ಯಾರೋ ಕಿಸಕ್ಕೆಂದರು. ಟೀಚರ್ ನಿಲ್ಲಿಸಿ ಶ್ರುತಿ ಇಳಿಸಿದಳು. ಕೂಡಲಿಲ್ಲ. ಇನ್ನೂ ಇಳಿಸಿದಳು. ಆಗ ದನಿಯೂ ಶ್ರುತಿಯೂ ಒಂದಕ್ಕೊಂದು ಕೂತವು. ಮಂದ್ರದ, ದಪ್ಪನೆಯ ದನಿ. ಅದು ಅಪಸ್ವರವೇ ಆಗಿರಲಿಲ್ಲ, ಮಗುವಿಗೆ ಈ ಹಾಡು ಎತ್ತರವಾಗಿತ್ತು, ಅಷ್ಟೇ. ಇಷ್ಟು ಸಣ್ಣ ಕೆಲಸವನ್ನು ತಾನು ಒಂದು ದಿನವೂ ಮಾಡಿ ನೋಡಲಿಲ್ಲವಲ್ಲ ಎಂದು ಟೀಚರಿಗೆ ನಾಚಿಕೆಯಾಯಿತು.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. "ಮಿಸ್, ನಾವೂ ದನಿ ಬಿಡಬಹುದಾ?" ಅದರ ಪಕ್ಕ ಇನ್ನೊಂದು ಕೈ, ಆಚೆ ಮತ್ತೊಂದು.

ಅಧ್ಯಕ್ಷರು ಆ ಕೈಗಳನ್ನು ನೋಡಿದರು. "ವಾರಕ್ಕೆ ಒಂದು ಪಿರಿಯಡ್ ಉಳಿಸಿದ್ರೆ ಸಾಕಾಗುತ್ತಾ ನಿಮಗೆ?"

ಟೀಚರ್ ಮೇಲೆದ್ದ ಕೈಗಳನ್ನು ಎಣಿಸಿದಳು.

"ಸಾಲದು ಸರ್."