ತಂಗಿಯ ಎಡಗಡೆ

ಬ್ಯಾಸ್ಕೆಟ್‌ಬಾಲ್ ಲೀಗಿನ ಫೈನಲ್‌ನಲ್ಲಿ ಆ ವರ್ಷ ಅಕ್ಕ ತಂಗಿಯರೇ ಎದುರುಬದುರಾದರು. ತಂಗಿ ಒಂದು ತಂಡದ ನಾಯಕಿ. ಅಕ್ಕ ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು ಇನ್ನೊಂದು ತಂಡದ ಸಹಾಯಕ ಕೋಚ್ ಆಗಿದ್ದಳು. ಐದು ಪಂದ್ಯಗಳ ಸರಣಿ. ಮೂರು ಗೆದ್ದವರಿಗೆ ಕಪ್. ನಾಲ್ಕು ಮುಗಿದಾಗ ಎರಡಕ್ಕೆ ಎರಡು. ಒಂದರಲ್ಲೂ ಅಂತರ ಮೂರು ಪಾಯಿಂಟ್ ದಾಟಿರಲಿಲ್ಲ.

ಅವರ ಅಪ್ಪ ವೆಲ್ಡರ್. ಮಕ್ಕಳಿಬ್ಬರೂ ಚೆಂಡು ಹಾಕುವುದನ್ನು ಕಲಿತದ್ದು, ಅವರು ವರ್ಕ್‌ಶಾಪಿನ ಹಿಂದಿನ ಕಂಬಕ್ಕೆ ಬೆಸೆದಿದ್ದ ಕಬ್ಬಿಣದ ರಿಂಗಿನಲ್ಲಿ. ಫೈನಲ್‌ಗಳಿಗೆ ಬಂದು ಬುಟ್ಟಿಯ ಹಿಂದೆಯೇ ಕೂರುತ್ತಿದ್ದರು. ಯಾರ ಕಡೆ ಎಂದು ಪಕ್ಕದವರು ಕೇಳಿದರೆ, ತಾವು ಬೆಸುಗೆ ಸರಿಯಿದೆಯೇ ಎಂದು ನೋಡಲು ಬಂದವರು ಎಂದು ಜಾರಿಕೊಳ್ಳುತ್ತಿದ್ದರು.

ಕೊನೆಯ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಮುಖ್ಯ ಕೋಚ್ ವಿಡಿಯೊ ನಿಲ್ಲಿಸಿ, ತಂಗಿಯನ್ನು ಕಟ್ಟಿಹಾಕುವುದು ಹೇಗೆಂದು ಅಕ್ಕನನ್ನು ನೇರವಾಗಿ ಕೇಳಿದರು. ಅಲ್ಲಿಯವರೆಗೆ ಸಂಕೋಚಕ್ಕೆ ಕೇಳಿರಲಿಲ್ಲ. ಅಕ್ಕನಿಗೆ ಉತ್ತರ ಗೊತ್ತಿತ್ತು. ಕಷ್ಟಕ್ಕೆ ಸಿಕ್ಕಿಕೊಂಡರೆ ತಂಗಿ ಎಡಕ್ಕೇ ನುಗ್ಗುತ್ತಾಳೆ, ಎದುರಿಗೆ ಗೋಡೆ ಇದ್ದರೂ. ಆದರೆ ಹತ್ತು ನಿಮಿಷ ಕೊಡಿ ಎಂದು ಹೊರಗೆ ಹೋಗಿ ತಂಗಿಗೆ ಫೋನ್ ಮಾಡಿದಳು.

“ನಿನ್ನ ಎಡಗಡೆ ವಿಷಯ ಹೇಳಬೇಕಾಗಿದೆ ಕಣೇ. ಅದು ನನ್ನ ಕೆಲಸ.”

ಆ ಕಡೆ ಚೆಂಡು ಪುಟಿಯುತ್ತಿದ್ದ ಸದ್ದು ನಿಂತಿತು.

“ಹೇಳಕ್ಕ,” ಎಂದಳು ತಂಗಿ. “ನೀನು ಸುಮ್ನಿದ್ದು ನಾನು ಗೆದ್ರೆ, ಆ ಕಪ್ ನೀನು ಕೊಟ್ಟ ಹಾಗಾಗತ್ತೆ. ಚಿಕ್ಕೋಳು ಅಂತ ಬಿಟ್ಟುಕೊಟ್ಟಿದ್ದು ಸಾಕು.”

ಅಕ್ಕ ಒಳಗೆ ಬಂದು ಎಲ್ಲ ಹೇಳಿದಳು, ಫೋನ್ ಮಾಡಿದ್ದನ್ನೂ ಸೇರಿಸಿ. ಕೋಚ್ ನಕ್ಕು, ಗೊತ್ತಿದ್ದರೂ ಬಿಡಲಾಗದ್ದನ್ನೇ ಅಭ್ಯಾಸ ಅನ್ನುವುದು ಎಂದರು.

ಅದು ನಿಜವೇ ಆಯಿತು. ಮೂರು ಕ್ವಾರ್ಟರ್‌ಗಳಲ್ಲಿ ತಂಗಿಗೆ ದಕ್ಕಿದ್ದು ಆರೇ ಪಾಯಿಂಟ್. ಎಡಕ್ಕೆ ಹೆಜ್ಜೆ ಇಟ್ಟಲ್ಲೆಲ್ಲ ಒಬ್ಬರು ಕಾದಿರುತ್ತಿದ್ದರು. ಆದರೂ ಅವಳ ತಂಡ ಪಟ್ಟು ಬಿಡಲಿಲ್ಲ. ಏಳು ಸೆಕೆಂಡ್ ಉಳಿದಿದ್ದಾಗ ಅಕ್ಕನ ತಂಡ ಒಂದೇ ಪಾಯಿಂಟ್ ಮುಂದಿತ್ತು. ಚೆಂಡು ತಂಗಿಯ ಕೈಯಲ್ಲಿ.

ಅವಳು ಎಡಕ್ಕೇ ನುಗ್ಗಿದಳು. ಈ ಸಲ ಇಬ್ಬರು ಒಟ್ಟಿಗೆ ಮೇಲೆ ಬಿದ್ದರು. ಅವಳು ನೆಗೆದಳು. ಕಣ್ಣು ಬುಟ್ಟಿಯ ಮೇಲಿರುವಾಗಲೇ ಕೈ ಚೆಂಡನ್ನು ಬಲಮೂಲೆಗೆ ದಾಟಿಸಿತು. ಅಲ್ಲಿ ಅವಳ ಜೊತೆಗಾತಿಯೊಬ್ಬಳು ಒಂಟಿಯಾಗಿ ನಿಂತಿದ್ದಳು, ಕಾವಲಿಗೆ ಯಾರೂ ಇರಲಿಲ್ಲ. ಅವಳು ಎಸೆದ ಚೆಂಡು ರಿಂಗನ್ನು ಒಂದು ಸುತ್ತು ಹಾಕಿ ಒಳಗೆ ಬಿತ್ತು. ಗಂಟೆ ಹೊಡೆಯಿತು.

ಅಕ್ಕ, ಅಳುತ್ತಿದ್ದ ತನ್ನ ಹುಡುಗಿಯರ ಬೆನ್ನು ಒಬ್ಬೊಬ್ಬರದಾಗಿ ತಟ್ಟಿ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಿರಿ ಎಂದಳು. ಕೈಕುಲುಕುವ ಸಾಲಿನಲ್ಲಿ ತಂಗಿ ಎದುರಿಗೆ ಬಂದಳು.

“ಆ ಪಾಸ್ ನಾನು ಕಲಿಸಿದ್ದಲ್ಲ,” ಎಂದಳು ಅಕ್ಕ.

“ಅಲ್ಲ,” ಎಂದಳು ತಂಗಿ.

ಸೋತ ನೋವು ಹಾಗೇ ಇತ್ತು. ಆದರೂ ಅಕ್ಕನ ಎದೆ ಉಬ್ಬಿತು.

ಅಪ್ಪ ಮೆಟ್ಟಿಲಿಳಿದು ಮೊದಲು ಸೋತವರ ಬೆಂಚಿಗೆ ಬಂದು ಅಕ್ಕನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ತಂಗಿಯೂ ಕಪ್ ತಂದು ಅವರ ಇನ್ನೊಂದು ಪಕ್ಕ ಕೂತಳು. ತಂಡದ ಫೋಟೊಗೆ ಎರಡು ಸಲ ಕರೆದರು. ಅವಳು ಏಳಲಿಲ್ಲ.