ಹಸಿರು ಕಸದೊಳಗೆ ಬಂದ ಕಿಟಕಿ

ನಮ್ಮೂರ ಹಸಿರು ಕಸದ ಅಂಗಳದ ಗೇಟಿನಲ್ಲಿ ನಿಲ್ಲೋಕೆ ಶುರುಮಾಡಿ ನನಗೆ ಹನ್ನೊಂದು ವರ್ಷವಾಯಿತು. ದ್ರಾಕ್ಷಿ ಬಳ್ಳಿ ಸವರಿದ ಕಡ್ಡಿ, ಬೇಲಿ ಕತ್ತರಿಸಿದ ಸೊಪ್ಪು, ಹುಲ್ಲು, ಸೇಬಿನ ಮರದ ಕೊಂಬೆ. ಇಷ್ಟೇ ಇಲ್ಲಿಗೆ ತರಬೇಕಾದ್ದು. ಫಲಕದ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದೆ. ಆದರೆ ಜನ ತರೋದು ಹೂಕುಂಡ, ಪ್ಲಾಸ್ಟಿಕ್ ದಾರ, ಗೊಬ್ಬರದ ಚೀಲ. ಹೋದ ವರ್ಷ ಸೊಪ್ಪಿನ ನಡುವೆ ಒಂದು ಇಸ್ತ್ರಿ ಪೆಟ್ಟಿಗೆ ಸಿಕ್ಕಿತು. ಕೇಳಿದರೆ, "ಕಸ ಅಂದ್ರೆ ಕಸ ತಾನೇ ಗುಂಡುಲಾ?" ಅಂತ ನನ್ನನ್ನೇ ಕೇಳ್ತಾರೆ.

ಮೊದಲು ಈ ರಾಶಿ ಕೊಳೆತು ಗೊಬ್ಬರವಾಗುತ್ತಿತ್ತು. ಎರಡು ವರ್ಷದಿಂದ ಪಕ್ಕದ ಪಟ್ಟಣದ ಚಿಕ್ಕ ಕಾರ್ಖಾನೆಗೆ ಹೋಗುತ್ತಿದೆ. ಅಲ್ಲಿ ಕಡ್ಡಿ ಸೊಪ್ಪಿನಿಂದ ಫಾರ್ಮಿಕ್ ಆಮ್ಲ ಮಾಡುತ್ತಾರೆ. ನಮ್ಮ ಕಡೆ ಹಸು ಸಾಕುವವರಿಗೆಲ್ಲ ಅದು ಗೊತ್ತು, ಕೂಡಿಟ್ಟ ಹಸಿಮೇವು ಕೆಡದಿರಲಿ ಅಂತ ಬೆರೆಸುತ್ತಾರೆ. ಚರ್ಮ ಹದ ಮಾಡುವವರಿಗೂ ಬೇಕು. ಜೇನು ಸಾಕುವವರು ನುಸಿಯ ಕಾಟಕ್ಕೆ ಅದನ್ನೇ ಪೆಟ್ಟಿಗೆಯೊಳಗೆ ಇಡುತ್ತಾರೆ. ಇಷ್ಟು ಕಾಲ ಅದನ್ನು ನೆಲದಡಿಯ ಅನಿಲದಿಂದ ಮಾಡುತ್ತಿದ್ದರು. ಈಗ ನಮ್ಮ ಬೇಲಿಯ ಸೊಪ್ಪಿನಿಂದ.

ನನ್ನ ನೆರೆಮನೆಯ ಓಟ್ಮಾರ್ ಇದನ್ನು ನಂಬಲೇ ಇಲ್ಲ. ಅವನು ನಿವೃತ್ತ ಬಡಗಿ, ಹದಿನಾಲ್ಕು ಜೇನುಪೆಟ್ಟಿಗೆ ಇಟ್ಟಿದ್ದಾನೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆಗಲೂ ಮೇಷ್ಟ್ರು ಹೇಳಿದ್ದನ್ನು ಅವನು ನಂಬುತ್ತಿರಲಿಲ್ಲ.

"ಕಡ್ಡಿಯಿಂದ ಆಮ್ಲವಂತೆ. ನೋಡ್ತಿರು, ಊರಾಚೆ ಒಯ್ದು ಸುಟ್ಟು ಹಾಕ್ತಾರೆ," ಅಂತ ಗೇಟಿನಲ್ಲಿ ನಿಂತು ಹೇಳುತ್ತಿದ್ದ.

ಹೋದ ಮಾರ್ಚಿನಲ್ಲಿ ಅವನು ಹೆಂಡತಿ ಇರ್ಮ್‌ಟ್ರಾಡ್‌ಳ ತವರುಮನೆಯ ಹಳೇ ಕಿಟಕಿಗಳನ್ನು ಕಿತ್ತು ಹೊಸದು ಹಾಕಿದ. ಬಣ್ಣ ಬಳಿದ ಮರವನ್ನು ಪಟ್ಟಣದ ದೊಡ್ಡ ಕಸದ ಡಿಪೋಗೆ ಕೊಡಬೇಕು. ಅದು ತೆರೆದಿರುವುದು ವಾರಕ್ಕೆರಡು ಬೆಳಗ್ಗೆ, ಅದರ ಮೇಲೆ ಉದ್ದ ಸಾಲು. ಓಟ್ಮಾರ್ ಚೌಕಟ್ಟುಗಳನ್ನು ತುಂಡು ಮಾಡಿ ಟ್ರೇಲರ್‌ನ ತಳಕ್ಕೆ ಹಾಕಿ, ಮೇಲೆ ದ್ರಾಕ್ಷಿ ಕಡ್ಡಿ ಹೊದಿಸಿಕೊಂಡು ಬಂದ. ಆವತ್ತು ಗೇಟಿನ ಮುಂದೆ ಇಪ್ಪತ್ತು ಗಾಡಿ ನಿಂತಿದ್ದವು. ಮೇಲಿನ ಕಡ್ಡಿ ನೋಡಿ ನಾನು ಕೈಬೀಸಿ ಒಳಗೆ ಬಿಟ್ಟೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ.

ಮೂರು ವಾರಕ್ಕೆ ಕಾರ್ಖಾನೆ ನಿಂತಿತು. ಕಸ ಕರಗಿಸುವ ತೊಟ್ಟಿಯ ದ್ರವದಲ್ಲಿ ಸೀಸದ ವಿಷ ಸಿಕ್ಕಿದೆ, ನಿಮ್ಮೂರ ಕಸ ಇನ್ನು ಬೇಡ ಅಂತ ಕಾಗದ ಬಂತು. ಅಂಗಳಕ್ಕೆ ಬೀಗ ಬಿತ್ತು. ಸವರಿದ ಬಳ್ಳಿ ಮನೆಮನೆಯ ಮುಂದೆ ರಾಶಿ ಬಿದ್ದಿತು. ಬೇಕರಿಗೆ ಬ್ರೆಡ್ ತರಲು ಹೋದರೂ ಜನ ನನ್ನನ್ನೇ ಹಿಡಿದು ಕೇಳುತ್ತಿದ್ದರು, ಗೇಟಿನಲ್ಲಿ ನಿಂತು ನಿದ್ದೆ ಮಾಡುತ್ತಿದ್ದೆಯಾ ಅಂತ. ಹನ್ನೊಂದು ವರ್ಷ ಎಲ್ಲರ ಚೀಲಕ್ಕೂ ಕೈಹಾಕಿ ಬೈಸಿಕೊಂಡವಳು ನಾನು. ಈಗ ಕೈಹಾಕಲಿಲ್ಲ ಅಂತಲೂ ಬೈಗುಳ. ಗೇಟಿನಲ್ಲಿ ನನ್ನ ಬದಲು ಬೇರೆ ಯಾರನ್ನಾದರೂ ನಿಲ್ಲಿಸೋಣ ಅಂತ ಮೇಯರ್ ಊರಸಭೆ ಕರೆದರು. ಓಟ್ಮಾರ್ ಆ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ.

ಕಾರ್ಖಾನೆಯಿಂದ ಹೆನ್ರಿಕೆ ಎಂಬ ತಂತ್ರಜ್ಞೆ ಬಂದಿದ್ದಳು. ಜೋರು ಮಾತಿನವಳಲ್ಲ. ಒಂದು ಕಬ್ಬಿಣದ ಚಿಲಕ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಹಸಿರು ಬಣ್ಣ ಹತ್ತಿತ್ತು. ಕಸ ಪುಡಿ ಮಾಡುವ ಮುಂಚೆ ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಂಡಿತಂತೆ. ಆದರೆ ಬಣ್ಣದ ಮರವನ್ನು ಯಾವ ಅಯಸ್ಕಾಂತವೂ ಹಿಡಿಯುವುದಿಲ್ಲ, ಇಂಥ ಹಳೇ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು ಅಂದಳು.

ಇರ್ಮ್‌ಟ್ರಾಡ್ ಎದ್ದು ಹೋಗಿ ಚಿಲಕವನ್ನು ಕೈಗೆತ್ತಿಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಮ್ಮಮ್ಮನ ಅಡುಗೆಮನೆ ಕಿಟಕೀದು," ಅಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಡಿಪೋಗೆ ಕೊಟ್ಟೆ ಅಂದಿದ್ದೆ ನೀನು. ಅಂಗಳಕ್ಕೆ ಬೀಗ ಬಿದ್ದಾಗಿಂದ ಗುಂಡುಲಾಳನ್ನ ಊರೆಲ್ಲ ಬೈತಿದೆ. ನೀನು ದಿನಾ ಅವಳ ಬೇಲಿ ಮೇಲಿಂದ ನಮಸ್ಕಾರ ಹೇಳ್ತಿದ್ದೀಯ."

ಓಟ್ಮಾರ್ ಕಿವಿ ಕೆಂಪಾಯಿತು. ಒಂದು ತುಂಡು ಮರದಿಂದ ಇಡೀ ಕಾರ್ಖಾನೆ ನಿಲ್ಲುತ್ತೆ ಅಂದರೆ ಕಾರ್ಖಾನೆಯದೇ ದೋಷ ಅಂತ ಗೊಣಗಿದ. ಹೆನ್ರಿಕೆ ಸಿಟ್ಟಾಗಲಿಲ್ಲ. ನಾಳೆ ಬಂದು ನೋಡಿ ಅಂದಳು. ಮರುದಿನ ಇರ್ಮ್‌ಟ್ರಾಡ್ ಅವನನ್ನು ಕಾರ್ಖಾನೆಗೆ ಕರೆದುಕೊಂಡೇ ಹೊರಟಳು, ನಾನೂ ಜೊತೆಗೆ ಹೋದೆ.

ಹೆನ್ರಿಕೆ ಗಾಜಿನ ಪಾತ್ರೆಯಲ್ಲಿ ಕಿತ್ತಳೆ ಬಣ್ಣದ ನೀರು ತೋರಿಸಿದಳು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೊಂಚಲುಗಳು ಕರಗಿವೆಯಂತೆ. ಮಾಲಿಬ್ಡಿನಮ್, ವೆನೇಡಿಯಮ್ ಎಂಬ ಲೋಹಗಳು ಆಮ್ಲಜನಕದ ಜೊತೆ ಹೆಣೆದುಕೊಂಡು ಆದ ಗೊಂಚಲು. ಅದೇ ಇಲ್ಲಿನ ವೇಗವರ್ಧಕ, ಕೆಲಸ ನಡೆಸಿಕೊಡುವ ವಸ್ತು. ಒಂದು ಚಮಚ ಮರದ ಪುಡಿ ಹಾಕಿ ಬಿಸಿ ಮಾಡಿದಳು. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ನೀರು ಕಡುಹಸಿರಾಗಿತ್ತು. ಗೊಂಚಲು ತನ್ನ ಆಮ್ಲಜನಕ ಕೊಟ್ಟು ಮರವನ್ನು ಒಡೆಯುತ್ತದೆ, ಹಾಗೆ ಒಡೆದಾಗ ಫಾರ್ಮಿಕ್ ಆಮ್ಲ ಸಿಗುತ್ತದೆ. ಆಮೇಲೆ ಅವಳು ಆಮ್ಲಜನಕ ಊದಿದಳು. ನೀರು ಮೆಲ್ಲಗೆ ಮತ್ತೆ ಕಿತ್ತಳೆಗೆ ತಿರುಗಿತು.

"ಗೊಂಚಲು ಖರ್ಚಾಗಲ್ಲ," ಅಂದಳು. "ಅದೇ ನೀರು ತಿಂಗಳುಗಟ್ಟಲೆ ದುಡಿಯುತ್ತೆ. ಹಾಗಾಗಿ ಒಳಗೆ ಬಿದ್ದ ಸೀಸವೂ ಅಲ್ಲೇ ಉಳಿಯುತ್ತೆ. ಪ್ಲಾಸ್ಟಿಕ್ ಬಿದ್ದರೆ ಒಡೆಯೋದೇ ಇಲ್ಲ, ಹೋಗಿ ಸೋಸುವ ಬಟ್ಟೆಗೆ ಮೆತ್ತಿಕೊಳ್ಳುತ್ತೆ."

ಓಟ್ಮಾರ್ ಬಗ್ಗಿ ಆ ಪಾತ್ರೆಯನ್ನು ನೋಡಿದ. ಮರದ ಜೊತೆ ಬದುಕು ಕಳೆದವನು, ಮರದ ಪುಡಿ ಆ ನೀರಿನಲ್ಲಿ ಕರಗಿಹೋದದ್ದನ್ನು ಅವನು ಇಲ್ಲ ಅನ್ನುವಂತಿರಲಿಲ್ಲ. ಕೊನೆಗೆ ಕೇಳಿದ, "ನನ್ನ ಜೇನಿಗೆ ಹಾಕೋ ಆಮ್ಲ ಇಲ್ಲಿಂದಲೇ ಬರುತ್ತಾ?"

"ಇನ್ನೂ ಇಲ್ಲ. ಜೇನಿಗೆ ಹಾಕಬೇಕಾದ್ರೆ ಶುದ್ಧತೆಯ ಪರವಾನಗಿ ಬೇಕು. ಅರ್ಜಿ ಹಾಕಿದ್ವಿ. ಪರೀಕ್ಷೆಗೆ ಹೋಗೋ ವಾರವೇ ತೊಟ್ಟೀಲಿ ಸೀಸ ಸಿಕ್ತು."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಾರಿನಲ್ಲಿ ಊರಿಗೆ ಹಿಂದಿರುಗಿದೆವು. ನನ್ನ ಮನೆ ಮುಂದೆ ಇಳಿದಾಗ, "ಮೇಯರ್‌ಗೆ ನಾನೇ ಬರೆದುಕೊಡ್ತೀನಿ, ತಪ್ಪು ನಂದು ಅಂತ," ಅಂದ. ಬರೆದೂ ಕೊಟ್ಟ. ನನ್ನ ಕೆಲಸ ಉಳಿಯಿತು.

ತೊಟ್ಟಿಯ ದ್ರವವನ್ನೆಲ್ಲ ಬದಲಿಸಿ ಕಾರ್ಖಾನೆ ಶುರುವಾಗಲು ಜೂನ್ ಆಯಿತು. ಪರವಾನಗಿಗೆ ಇನ್ನೊಂದು ವರ್ಷ ಕಾಯಬೇಕು. ಅಂಗಳ ಮತ್ತೆ ತೆರೆದ ದಿನ ಓಟ್ಮಾರ್ ಒಂದು ಕೋಲು ಹಿಡಿದು ಗೇಟಿಗೆ ಬಂದ. ಈಗ ಪ್ರತಿ ಶನಿವಾರ ಬರುತ್ತಾನೆ. ಟ್ರೇಲರ್‌ನ ತಳದವರೆಗೂ ಕೋಲು ಚುಚ್ಚಿ ನೋಡುತ್ತಾನೆ. ಮೊನ್ನೆ ತನ್ನ ಸ್ವಂತ ಭಾವಮೈದುನನನ್ನೇ ಒಂದು ಪ್ಲಾಸ್ಟಿಕ್ ದಾರಕ್ಕಾಗಿ ವಾಪಸ್ ಕಳಿಸಿದ. ಸಾಲು ರಸ್ತೆಯವರೆಗೆ ಬೆಳೆಯುತ್ತದೆ, ಜನ ನನ್ನನ್ನೇ ಬೈಯುತ್ತಾರೆ. ಬೈಯಲಿ.

ಇದನ್ನು ಓದುತ್ತಿರುವ ನೀವೂ ನಾಳೆ ತೋಟ ಸವರುತ್ತೀರಿ. ಚೀಲ ಕಟ್ಟುವ ಮುಂಚೆ ಒಮ್ಮೆ ಕೈಹಾಕಿ ನೋಡಿ. ದಾರ, ಕುಂಡ, ಮೊಳೆ ಇದ್ದರೆ ತೆಗೆಯಿರಿ. ಬಣ್ಣ, ಮೆರುಗೆಣ್ಣೆ ಬಳಿದ ಮರವನ್ನು ಡಿಪೋಗೇ ಕೊಡಿ, ಸಾಲು ಎಷ್ಟೇ ಉದ್ದವಿರಲಿ. ಅನುಮಾನ ಬಂದರೆ ಗೇಟಿನಲ್ಲಿ ಕೇಳಿ. ನಾನು ಗೊಣಗುತ್ತೇನೆ, ಆದರೆ ಉತ್ತರ ಹೇಳದೆ ಯಾರನ್ನೂ ಕಳಿಸಿದವಳಲ್ಲ.